ಗಾಣದ ಕಲ್ಲಿಗೆ ಹತ್ತೊಂಬತ್ತು ಸುತ್ತು

ಫ್ರಾಜಿ ಬಿಟ್ಟಾನನಿಗೆ ಕುಳಿತು ಪ್ರಾರ್ಥಿಸಲು ಬರುತ್ತಿರಲಿಲ್ಲ. ಜೆರ್ಬಾ ದ್ವೀಪದ ನಮ್ಮ ಯೆಹೂದಿ ಕೇರಿಯ ಪಕ್ಕ, ನೆಲದೊಳಗೆ ತೋಡಿದ ಆಲಿವ್ ಗಾಣದಲ್ಲಿ ಮೂವತ್ತು ವರ್ಷ ಮಬ್ರೂಕಾ ಎಂಬ ಹೆಣ್ಣೊಂಟೆಯ ಹಿಂದೆ ಸುತ್ತಿದವನು ಅವನು. ಗಾಣ ನಿಂತ ಮೇಲೆ ನಮ್ಮವರು ಅದನ್ನು ಕೊಂಡು, ಸುಣ್ಣ ಬಳಿದು, ಪ್ರಾರ್ಥನಾಮಂದಿರ ಮಾಡಿದರು. ದೀಪ ಹಚ್ಚಲು ಅವನನ್ನೇ ಇಟ್ಟುಕೊಂಡರು. ಗುಮ್ಮಟ, ಕಮಾನುಗಳು ಹಾಗೆಯೇ ಉಳಿದವು. ನಡುವಿನ ಸೊಂಟದೆತ್ತರದ ಅರೆಯುವ ಕಲ್ಲೇ ನಮ್ಮ ಧರ್ಮಗ್ರಂಥದ ಸುರುಳಿ ತೋರಾವನ್ನು ಇಟ್ಟು ಓದುವ ಪೀಠವಾಯಿತು. ಎಷ್ಟು ಸುಣ್ಣ ಕುಡಿದರೂ ಗೋಡೆಗಳು ಎಣ್ಣೆಯ ವಾಸನೆ ಬಿಡಲಿಲ್ಲ.

ಆ ಕಲ್ಲು ಅಕ್ಕಸಾಲಿಗ ಶೂಶಾನನ ಕಣ್ಣಿಗೆ ಚುಚ್ಚುತ್ತಿತ್ತು.

"ದೇವರ ಮನೇಲಿ ಗಾಣದ ಕಲ್ಲು! ನೋಡಿದೋರು ಏನಂದ್ಕೋತಾರೆ?"

"ಇಲ್ಲಿ ಎಣ್ಣೆ ತೆಗೀತಿದ್ರು ಅಂದ್ಕೋತಾರೆ, ಸ್ವಾಮಿ," ಎಂದ ಫ್ರಾಜಿ.

ತೋರಾ ಹಬ್ಬದ ಮರುದಿನವೇ ಕಲ್ಲೊಡೆದು ಅಮೃತಶಿಲೆಯ ಪೀಠ ಕೂರಿಸುವುದೆಂದು ಶೂಶಾನ್ ಹಟ ಹಿಡಿದ. ಫ್ರಾಜಿಯ ಮುಖ ಸೊರಗಿತು.

ಹಬ್ಬದ ಬೆಳಿಗ್ಗೆ ಪೀಠಕ್ಕೆ ಏಳು ಸುತ್ತು ಬರಬೇಕು. ಹೊಸ ಪೀಠದ ದಾನಿಯೆಂದು ಶೂಶಾನ್ ತೋರಾ ಹೊತ್ತು ಮುಂದೆ. ಫ್ರಾಜಿ ಅವನ ಬೆನ್ನ ಹಿಂದೆ. ಗಂಡಸರೆಲ್ಲ ಹಾಡುತ್ತ ಸಾಲಾಗಿ. ಗಾಣದ ಕಾಲದಲ್ಲಿ ಆಲಿವ್ ಕಾಯಿ ಸುರಿಯುತ್ತಿದ್ದ ಚಾವಣಿಯ ಕಿಂಡಿಯ ಸುತ್ತ ಬೋರಲು ಮಲಗಿ ನಾವು ಹೆಂಗಸರು ಕೆಳಗೆ ನೋಡುತ್ತಿದ್ದೆವು. ಮೂರನೆಯ ಸುತ್ತಿಗೆ ಫ್ರಾಜಿಯ ಕಾಲಿಗೆ ಒಂಟೆ ಸವೆಸಿದ ಹಳೆಯ ಜಾಡು ಸಿಕ್ಕಿತು. ಕಣ್ಣು ಮುಚ್ಚಿಕೊಂಡೇ ಅವನು ಶೂಶಾನನ ಬೆನ್ನಿಗೊಂದು ಬಾರಿಸಿದ.

"ಹರ್ರ್! ನಡಿಯೇ ಮಬ್ರೂಕಾ!"

ಹಾಡು ನಿಂತಿತು.

"ಯಾವನೋ ಒಂಟೆ?" ಎಂದು ಶೂಶಾನ್ ಗುಡುಗಿದ.

"ಮುಂದಿರೋರೇ, ಸ್ವಾಮಿ."

ಮೊದಲು ನಕ್ಕವನು ಶೂಶಾನನೇ. ನಗುತ್ತಲೇ ಓಡತೊಡಗಿದ. ಸಾಲು ಅವನ ಹಿಂದೆ ಓಡಿತು, ಟೋಪಿಗಳು ಹಾರಿದವು, ಲೆಕ್ಕ ತಪ್ಪಿತು.

"ಎಷ್ಟಾಯ್ತೋ ಫ್ರಾಜಿ?"

"ಕಾಯಿನ್ನೂ ನುಣ್ಣಗಾಗಿಲ್ಲ, ನಡೀರಿ!"

ಮೇಲಿನಿಂದ ನನ್ನ ಅತ್ತೆ ಕಮೂನಾ ಕಿರುಚಿದಳು: "ಹತ್ತೊಂಬತ್ತಾಯ್ತು! ನಿಲ್ಸ್ರೋ ಹುಚ್ಚುಮುಂಡೇವಾ, ನೋಡೋರಿಗೇ ತಲೆ ತಿರುಗ್ತಿದೆ!"

ಅವರು ನಿಂತರು, ಗುಮ್ಮಟ ನಿಲ್ಲಲಿಲ್ಲ. ಶೂಶಾನ್ ತೋರಾ ಸಮೇತ ಓಲಾಡಿದ. ತೋರಾ ನೆಲಕ್ಕೆ ಬಿದ್ದರೆ ಕಂಡವರೆಲ್ಲ ನಲವತ್ತು ದಿನ ಉಪವಾಸ. ಅವನು ಧೊಪ್ಪನೆ ಬಿದ್ದದ್ದು ಗಾಣದ ಕಲ್ಲಿನ ಮೇಲೆ. ತೋರಾ ಅವನ ಎದೆಗೂ ಕಲ್ಲಿಗೂ ನಡುವೆ ಭದ್ರವಾಗಿತ್ತು. ಕಲ್ಲಿನ ಒರಟು ಅಂಚನ್ನು ಅವನು ಎರಡೂ ಕೈಯಿಂದ ಅಪ್ಪಿದ್ದ.

"ಅಮೃತಶಿಲೆ ಆಗಿದ್ರೆ ಜಾರ್ತಿತ್ತು," ಎಂದ ಫ್ರಾಜಿ, ತಾನೂ ಕಂಬಕ್ಕೆ ಜೋತುಬಿದ್ದು.

ಶೂಶಾನ್ ತಲೆ ಎತ್ತಲಿಲ್ಲ. "ನಾಳೆ ಬರೋ ಕಲ್ಲುಕುಟಿಗರಿಗೆ ಬೇಡ ಅಂತ ಹೇಳ್ರಪ್ಪಾ," ಎಂದ. "ಇದನ್ನ ಬಿಟ್ರೆ ನಾನು ಎಲ್ಲಿಗೆ ಹೋಗಿ ಬೀಳ್ತೀನೋ ಗೊತ್ತಿಲ್ಲ."