ಪಾಳಾದ ದಾರಿಯಲ್ಲಿ ಈರಣ್ಣನ ಕಾರಿನ ಗರಗರ

ದಾಂಡೇಲಿಯಿಂದ ಪಾಳಾಕ್ಕೆ ಬಸ್ಸಿನಲ್ಲೇ ಹೋಗೋಣ ಎಂದಿದ್ದೆ. ಹಳಿಯಾಳ, ಕಲಘಟಗಿ, ಮುಂಡಗೋಡ ಎಂದು ಮೂರು ಕಡೆ ಇಳಿದು ಹತ್ತಬೇಕು, ನಿಜ. ಆದರೆ ಯಾರ ಹಂಗೂ ಇಲ್ಲ. ನನ್ನ ಮಾತು ನಡೆಯಲಿಲ್ಲ. ಹೆಂಡತಿ ಮಹಾದೇವಿಯ ತಂಗಿಯ ಗಂಡ ಈರಣ್ಣ ಹಿಂದಿನ ಸಂಜೆಯೇ ಜೋಯಿಡಾದಿಂದ ತನ್ನ ಹೊಸ ಎಲೆಕ್ಟ್ರಿಕ್ ಕಾರು ತಂದು ನಮ್ಮ ಬಾಗಿಲಲ್ಲಿ ನಿಲ್ಲಿಸಿದ. ಅಡುಗೆಮನೆ ಕಿಟಕಿಯಿಂದ ವಾಯರು ಎಳೆದು, ಬೆಳಗಿನವರೆಗೂ ಅದಕ್ಕೆ ನನ್ನ ಮೀಟರಿನ ಕರೆಂಟು ಕುಡಿಸಿದ.

ನಾನು ಕಾಗದದ ಮಿಲ್ಲಿನಲ್ಲಿ ಇಪ್ಪತ್ತೆರಡು ವರ್ಷದಿಂದ ಫಿಟ್ಟರ್. ನನ್ನದು ಒದ್ದರೆ ಏಳುವ ಹಳೆಯ ಸ್ಕೂಟರು. ನನಗಿಂತ ಒಂಬತ್ತು ವರ್ಷ ಚಿಕ್ಕವನಾದ ಷಡ್ಡಕ ಸದ್ದಿಲ್ಲದ ಕಾರಿನಲ್ಲಿ ಬಂದು ಇಳಿದರೆ ಹೊಟ್ಟೆ ಉರಿಯದೆ ಇರುತ್ತದೆಯೇ? ಉರಿಯಿತು. ಅವನು ಕಾರು ಕೊಂಡ ಮೂರು ತಿಂಗಳಿಂದ ಉರಿಯುತ್ತಲೇ ಇತ್ತು.

ಬೆಳಿಗ್ಗೆ ಏಳಕ್ಕೆ ಹೊರಟೆವು. ಮಹಾದೇವಿಯ ತಮ್ಮನ ಮಗುವಿಗೆ ಅಂದು ಹೆಸರಿಡುವುದಿತ್ತು. ಅವಳ ತಂಗಿ ಮೊದಲೇ ಪಾಳಾಕ್ಕೆ ಹೋಗಿದ್ದಳು, ಆದರೆ ಹಿರಿಯ ಸೋದರತ್ತೆಯಾಗಿ ಮಗುವಿನ ಕಿವಿಯಲ್ಲಿ ಹೆಸರು ಹೇಳಬೇಕಾದವಳು ಮಹಾದೇವಿಯೇ. ಹನ್ನೆರಡರೊಳಗೆ ತೊಟ್ಟಿಲ ಬಳಿ ಇರಲೇಬೇಕು. ಸುಮಾರು ನೂರು ಕಿಲೋಮೀಟರಿನ ದಾರಿ. ಮಳೆ ನಿಂತು ವಾರವಾಗಿತ್ತು, ತಂಪು ಗಾಳಿ ಬೀಸುತ್ತಿತ್ತು. ಹಳಿಯಾಳದಲ್ಲಿ ಗಿರ್ಮಿಟ್ಟು, ಮಿರ್ಚಿ ತಿಂದೆವು. ಈರಣ್ಣ ನನಗೆ ದುಡ್ಡು ಕೊಡಲು ಬಿಡಲಿಲ್ಲ. ಅದೂ ನನಗೆ ಸಿಟ್ಟು ತಂದಿತು.

"ಕುಂತದ್ದ ಗೊತ್ತಾಗೂದಿಲ್ಲ ನೋಡ್ರಿ, ತೊಟ್ಟಿಲದಾಗ ಕುಂತಂಗ ಐತಿ," ಎಂದಳು ಮಹಾದೇವಿ ಹಿಂದಿನ ಸೀಟಿನಿಂದ.

ಹಳಿಯಾಳ ದಾಟಿ ಕಲಘಟಗಿಯ ರಸ್ತೆ ಹಿಡಿದು ಹತ್ತು ಕಿಲೋಮೀಟರು ಆಗಿರಬಹುದು. ಒಂದು ದೊಡ್ಡ ಗುಂಡಿ ಹಾರಿದೆವು. ಹಿಂದುಗಡೆ ಎಲ್ಲೋ ಗರ್ರ್ ಎಂದಿತು. ಆಮೇಲೆ ನಿಲ್ಲಲೇ ಇಲ್ಲ, ಗರಗರ ಗರಗರ. ಈರಣ್ಣನ ಮುಖ ಬಿಳುಚಿತು. ನನಗೋ, ಸುಳ್ಳೇಕೆ ಹೇಳಲಿ, ಸ್ವರ್ಗಕ್ಕೆ ಮೂರೇ ಗೇಣು.

"ಮೋಟರ್ ಹೋತೋ ಏನೋ," ಎಂದೆ.

ಅವನು ಕಾರು ನಿಲ್ಲಿಸಿ ಶೋರೂಮಿಗೆ ಫೋನು ಹಚ್ಚಿದ. ಗಾಡಿ ಓಡಿಸಬೇಡಿ, ಹೊತ್ತೊಯ್ಯುವ ಲಾರಿ ಹುಬ್ಬಳ್ಳಿಯಿಂದ ಮಧ್ಯಾಹ್ನದ ಮೇಲೆ ಬರುತ್ತದೆ ಎಂದರಂತೆ. ಮೋಟರ್ ಅಲ್ಲವೆಂದು ನನಗೆ ಆಗಲೇ ಅನಿಸಿತ್ತು. ಆದರೂ ಬಾಯಿ ಬಿಗಿಹಿಡಿದು ಹುಣಸೆಮರದ ಕೆಳಗೆ ನಿಂತೆ. ಲಾರಿಯ ಮೇಲೇರಿ ಹೋಗುವ ಆ ಕಾರನ್ನು ಒಮ್ಮೆ ಕಣ್ತುಂಬ ನೋಡಬೇಕೆನಿಸಿತ್ತು. ಹೀಗೇ ಕಾಲು ಗಂಟೆ ಕಳೆಯಿತು.

"ಈ ರಸ್ತಾಕ್ಕ ಬಸ್ಸು ಯಾವಾಗ ಬರತೈತೋ," ಎಂದಳು ಮಹಾದೇವಿ. ಅವಳ ಕಣ್ಣಲ್ಲಿ ನೀರಿತ್ತು. "ನಾ ಹೋಗೂದ್ರಾಗ ಬ್ಯಾರೆ ಯಾರರ ಹೆಸರಿಟ್ಟಿರ್ತಾರ."

ಅದನ್ನು ನೋಡಿದ ಮೇಲೆ ಸುಮ್ಮನಿರಲು ಆಗಲಿಲ್ಲ. "ಈರಣ್ಣ, ಆ ಇಳಿಜಾರದಾಗ ಗಾಡಿ ನ್ಯೂಟ್ರಲ್ ಮಾಡಿ ಸುಮ್ನ ಬಿಡು," ಎಂದೆ. ಬಿಟ್ಟ. ಗರಗರ ಹಾಗೇ ಇತ್ತು. ವೇಗ ಇಳಿದಂತೆ ಅದೂ ನಿಧಾನವಾಯಿತು. ಬ್ರೇಕು ಮುಟ್ಟಿದರೂ ಸದ್ದು ಬದಲಾಗಲಿಲ್ಲ. ಅಂದರೆ ಮೋಟರಿನದಲ್ಲ, ಚಕ್ರದ್ದು. ಜಾಕು ಕೊಟ್ಟು, ಸದ್ದು ಬರುತ್ತಿದ್ದ ಹಿಂದಿನ ಎಡಚಕ್ರ ಎತ್ತಿಸಿ, ಕೈಯಿಂದ ತಿರುಗಿಸಲು ಹೇಳಿದೆ. ಮಿಲ್ಲಿನಲ್ಲಿ ಬೇರಿಂಗಿಗೆ ಕಿವಿಗೊಡುವ ಹಾಗೆ ನಟ್ಟು ಬಿಚ್ಚುವ ಪಾನಾದ ಒಂದು ತುದಿಯನ್ನು ಚಕ್ರದ ಹಿಂದಿನ ಕಬ್ಬಿಣಕ್ಕೆ, ಇನ್ನೊಂದನ್ನು ನನ್ನ ಕಿವಿಗೆ ಒತ್ತಿದೆ. ಬೇರಿಂಗು ನುಣ್ಣಗೆ ತಿರುಗುತ್ತಿತ್ತು. ಕೆರೆತವಿದ್ದದ್ದು ಬ್ರೇಕಿನ ತಟ್ಟೆಗೂ ಅದರ ಹಿಂದಿನ ತೆಳು ತಗಡಿಗೂ ನಡುವೆ.

ಚಕ್ರ ಕಳಚಿ, ತಗಡನ್ನು ಸ್ವಲ್ಪ ಮಣಿಸಿ ಸ್ಕ್ರೂಡ್ರೈವರಿನಿಂದ ಮೀಟಿದೆ. ಒಂದು ವಾಷರು ನನ್ನ ಅಂಗೈಗೆ ಬಿತ್ತು. ಅದಕ್ಕೆ ಹರಿದ ಕರಿದಾರ, ದಾರದಲ್ಲಿ ಒಂದು ಕವಡೆ. ಯಾರೋ ದೃಷ್ಟಿಗೆಂದು ಚಕ್ರದ ಹಿಂದೆ, ಯಾರಿಗೂ ಕಾಣದ ಹಾಗೆ ಕಟ್ಟಿದ್ದರು. ಗುಂಡಿ ಹಾರಿದಾಗ ದಾರ ಹರಿದಿತ್ತು. ವಾಷರು ಹೊರಳಿಸಿದೆ. ಅದರ ಮೇಲೆ ನೀಲಿ ಚುಕ್ಕೆಯಿತ್ತು. ನನ್ನ ಸಾಮಾನು ಯಾರೂ ಎತ್ತಬಾರದೆಂದು ಮನೆಯ ಡಬ್ಬಿಯಲ್ಲಿರುವ ಒಂದೊಂದು ವಾಷರಿಗೂ ನಾನೇ ಇಟ್ಟ ಚುಕ್ಕೆ.

"ಏನ್ ಸಿಕ್ತ್ರಿ ಅಣ್ಣಾರ?" ಎಂದ ಈರಣ್ಣ.

ಮುಷ್ಟಿ ಮುಚ್ಚಿದೆ. "ಕಲ್ಲು. ನಿಮ್ಮ ಜೋಯಿಡಾ ರಸ್ತಾದ್ದು."

"ನಿಮ್ಮ ಕಿವಿಗೆ ಬಂಗಾರದ ಕಡಕ ಮಾಡಸಬೇಕ್ರಿ!" ಎಂದು ಅವನು ನನ್ನ ಎಣ್ಣೆಗೈಯನ್ನೇ ಹಿಡಿದುಕೊಂಡ. ಮಹಾದೇವಿ ನನ್ನ ಮುಷ್ಟಿ ನೋಡುತ್ತಿದ್ದಳು. ಕಾರು ಮತ್ತೆ ಸದ್ದಿಲ್ಲದೆ ಓಡಿತು. ಅತ್ತಿವೇರಿ ಪಕ್ಷಿಧಾಮದ ಫಲಕ ದಾಟುವಾಗ ಈರಣ್ಣ ಹಕ್ಕಿ ತೋರಿಸಿದ, ನಾನು ನೋಡಲಿಲ್ಲ.

ಪಾಳಾ ಮುಟ್ಟಿದಾಗ ಹನ್ನೊಂದೂವರೆ. ಮಹಾದೇವಿ ಕೂಸಿನ ಕಿವಿಯಲ್ಲಿ ಹೆಸರು ಹೇಳಿದಳು, ಹೆಸರಿಟ್ಟವಳಿಗೆ ಗುದ್ದುವ ವಾಡಿಕೆಯಂತೆ ಎಲ್ಲರೂ ಅವಳ ಬೆನ್ನಿಗೆ ಗುದ್ದಿ ನಕ್ಕರು. ಹೋಳಿಗೆ ಊಟ ಮುಗಿಯುವವರೆಗೆ ಈರಣ್ಣ ಬಂದವರಿಗೆಲ್ಲ ನನ್ನ ಕಿವಿಯ ಕಥೆ ಹೇಳಿದ. ಅವನು ಎರಡು ದಿನ ಅಲ್ಲೇ ಉಳಿಯುವವನಿದ್ದ. ನನಗೆ ಮರುದಿನ ಪಾಳಿ ಇತ್ತು, ಹೀಗಾಗಿ ನಾವು ಬಸ್ಸಿಗೆ ಬಂದೆವು. ಮಹಾದೇವಿಗೆ ಪ್ರಯಾಣ ಪುಕ್ಕಟೆ, ಟಿಕೆಟ್ಟು ನನಗೊಬ್ಬನಿಗೆ.

ಮುಂಡಗೋಡ ಬಿಟ್ಟ ಮೇಲೆ ಕಿಸೆಯಿಂದ ವಾಷರು ತೆಗೆದು ಅವಳ ಮಡಿಲಿಗೆ ಹಾಕಿದೆ.

"ನಾನ ಕಟ್ಟಿದ್ದೆ," ಎಂದಳು. "ಕಾರಿಗೆ ಏನೂ ಕಟ್ಟೂದು ಬ್ಯಾಡ ಅಂತಾರ ಈರಣ್ಣಾರು. ಅದಕ್ಕ ಮುಂಜಾನೆ ಮುಚ್ಚಿ ಕಟ್ಟಿದೆ. ನನ್ನ ತಂಗಿ ಕುಂತು ಅಡ್ಡಾಡೂ ಗಾಡಿ ಅದು."

"ಕಟ್ಟು, ಬ್ಯಾಡ ಅನ್ನೂದಿಲ್ಲ. ನನ್ನ ಡಬ್ಬಿಗೆ ಯಾಕ ಕೈ ಹಾಕಿದಿ? ಅಂಗಡ್ಯಾಗ ಕಬ್ಬಿಣ ಸಿಗೂದಿಲ್ಲೇನು?"

ಅವಳು ಕಿಟಕಿಯ ಕಡೆ ತಿರುಗಿದಳು. "ಯಾರ ಕಣ್ಣಿಗೆ ಅಂಜತೀವೋ ಅವರ ಕೈಯಾನ ಕಬ್ಬಿಣನ ಆಗಬೇಕಂತ ನಮ್ಮವ್ವ ಹೇಳ್ತಿದ್ಲು."

ಕಲಘಟಗಿ ಬಂತು, ಹಳಿಯಾಳವೂ ಬಂತು. ಬಸ್ಸು ಇಳಿಯುವಾಗ ಅವಳ ಮಡಿಲಿನ ವಾಷರನ್ನು ನಾನೇ ಎತ್ತಿಕೊಂಡಿದ್ದೆ. ದಾಂಡೇಲಿಯ ಬಸ್ಸು ಹತ್ತಿ ಕೂತ ಮೇಲೆ ವಾಷರನ್ನು ಅವಳ ಅಂಗೈಯಲ್ಲಿಟ್ಟು ಬೆರಳು ಮಡಚಿದೆ.

"ಮುಂದಿನ ಸಲ ತಂತಿಲೆ ಕಟ್ಟು," ಎಂದೆ. "ನನ್ನ ಕಣ್ಣಿಗೆ ದಾರ ತಾಳೂದಿಲ್ಲ."