ಸಲೈನ್ ಬಾಟಲಿಯೂ ಅತ್ತೆಯ ಗಿಂಡಿಯೂ

ಮಸ್ಕಿಯ ಸಂತೆಯಲ್ಲಿ ಗಿರಾಕಿಯೊಬ್ಬರಿಗೆ ಧೋತರ ಬಿಚ್ಚಿ ತೋರಿಸುತ್ತಿದ್ದೆ. ಹೊಟ್ಟೆ ಒಮ್ಮೆ ಗುಡುಗಿತು. ಹಿಂದಿನ ದಿನದ ಬದನೆಕಾಯಿ ಪಲ್ಯದ ಕಿತಾಪತಿ ಅಂದುಕೊಂಡೆ. ಧೋತರ ಮಡಚುವುದರೊಳಗೆ ಓಡಬೇಕಾಯಿತು. ಬಂದು ಕೂತೆ, ಮತ್ತೆ ಓಡಿದೆ. ಏಳನೆಯ ಸಲಕ್ಕೆ ಕಾಲು ಏಳಲಿಲ್ಲ, ಮೀನಖಂಡ ಗಂಟು ಕಟ್ಟಿತ್ತು. ಪಕ್ಕದ ಅಂಗಡಿಯವರು ನನ್ನ ಮುಖ ನೋಡಿ ಎರಡು ಹೆಜ್ಜೆ ಹಿಂದೆ ಸರಿದರು.

ಹೈಜಾ.

ಕಾಲರಾಕ್ಕೆ ನಮ್ಮ ಕಡೆ ಹಾಗನ್ನುತ್ತಾರೆ. ಆ ಮಾತು ಕಿವಿಗೆ ಬಿದ್ದರೆ ಸಾಕು, ಸಂತೆ ಗಳಿಗೆಯಲ್ಲಿ ಬರಿದಾಗುತ್ತದೆ. ನನ್ನನ್ನು ಗಾಡಿಯಲ್ಲಿ ಮಲಗಿಸಿಕೊಂಡು ಲಿಂಗಸುಗೂರಿನ ದವಾಖಾನೆಗೆ ಹೊರಟವರು ಇಬ್ಬರೇ. ಒಬ್ಬ ಗಾಡಿಯವ, ಇನ್ನೊಬ್ಬಳು ನನ್ನ ಹೆಂಡತಿ ನೀಲಮ್ಮ. ಹಾದಿಯ ನೆನಪು ನನಗಿಲ್ಲ. ನೀರು, ನೀರು ಅಂದದ್ದು ನೆನಪಿದೆ. ಕುಡಿದದ್ದೆಲ್ಲ ಹಾಗೇ ಹೊರಗೆ ಬಂದದ್ದೂ ನೆನಪಿದೆ.

ಡಾಕ್ಟರ್ ಸಾಹೇಬರು ನಾಡಿ ಹಿಡಿದು ತಲೆ ಅಲ್ಲಾಡಿಸಿದರು. ಬಾಯಿಂದ ನಿಲ್ಲದ ನೀರನ್ನು ನರದಿಂದ ಕೊಡಬೇಕು ಅಂದರು. ಅದಕ್ಕೆ ಸಲೈನ್ ಎಂದು ಹೆಸರು, ಕುದಿಸಿದ ಉಪ್ಪುನೀರು. ನರ ಸೊರಗಿಹೋಗಿತ್ತು. ಎರಡು ಸಲ ಚುಚ್ಚಿದ್ದು ದಂಡವಾಯಿತು. ಮೂರನೆಯದು ಬಲ ಮೊಣಕೈಯ ಒಳಮಗ್ಗುಲಲ್ಲಿ ಸಿಕ್ಕಿತು. ಕೈ ಅಲುಗಬಾರದೆಂದು ಹಲಗೆಗೆ ಕಟ್ಟಿದರು. ಮೇಲೆ ಗೂಟಕ್ಕೆ ಗಾಜಿನ ಬಾಟಲಿ, ಅದರ ಬಾಯಿಗೆ ಕುದಿಸಿದ ಬಟ್ಟೆಯ ಮುಸುಕು, ಕೆಳಗೆ ರಬ್ಬರ್ ನಳಿಕೆ.

ಕಂಪೌಂಡರ್ ಖಾಸಿಂಸಾಬರು ನೀಲಮ್ಮನಿಗೆ ತಾಕೀತು ಮಾಡಿದರು.

"ನೋಡವ್ವಾ, ಬಾಟ್ಲಿ ಮುಟ್ಟಬ್ಯಾಡ. ಮುಸುಕು ತೆಗೀಬ್ಯಾಡ. ನೀರು ತಳಕ್ಕ ಬರೂದರಾಗ ನನ್ನ ಕೂಗು, ಗಾಳಿ ಹೋದ್ರ ಜೀವಕ್ಕ ಮೂಲ. ಸೂಜಿ ಸುತ್ತ ಬಾತ್ರೂ ಕೂಗು. ಸಣ್ಣ ಹೊಲಸು ಒಳಗ ಹೋತಂದ್ರ ಸೀದಾ ರಕ್ತಕ್ಕ. ಆಮ್ಯಾಲೆ ಡಾಕ್ಟರ್ ಸಾಹೇಬರೂ ಇಲ್ಲ, ಅಲ್ಲಾನೂ ಇಲ್ಲ."

ನೀಲಮ್ಮ ಸೆರಗು ಹಲ್ಲಲ್ಲಿ ಕಚ್ಚಿ ಹೂಂ ಅಂದಳು. ಅವತ್ತಿನಿಂದ ಆ ಬಾಟಲಿಯ ಮೇಲಿಟ್ಟ ಕಣ್ಣು ಕೀಳಲಿಲ್ಲ. ನನ್ನ ಕಡೆ ಅಷ್ಟು ನೋಡಿದ್ದನ್ನು ನಾನು ಮದುವೆಯಲ್ಲೂ ಕಂಡಿಲ್ಲ.

ಮರುದಿನ ಬಿಸಿಲೇರುವ ಹೊತ್ತಿಗೆ ನನ್ನ ಸೋದರತ್ತೆ ಗುರುಬಸವ್ವ ಬಂದಳು. ನನ್ನನ್ನು ಸಾಕಿ ದೊಡ್ಡವನನ್ನಾಗಿ ಮಾಡಿದವಳು ಅವಳೇ; ನನಗೆ ಮಾತು ಕಲಿಸಿದವಳೂ ಅವಳೇ. ಅವಳ ಮುಂದೆ ನೀಲಮ್ಮ ಬಾಯಿ ತೆರೆದವಳಲ್ಲ.

ನೀಲಮ್ಮ ಬಟ್ಟೆ ಒಣಹಾಕಲು ಅಂಗಳಕ್ಕೆ ಹೋಗಿ ಬರುವಷ್ಟರಲ್ಲಿ ಅತ್ತೆ ಹಲಗೆಯ ಕಟ್ಟು ಬಿಚ್ಚಿಬಿಟ್ಟಿದ್ದಳು.

"ಕಳ್ಳನ್ನ ಕಟ್ಟಿದಂಗ ಕಟ್ಟ್ಯಾರಲ್ಲೋ ನನ್ನ ಕೂಸಿನ್ನ."

ಬೇಡ ಅನ್ನಬೇಕೆಂದೆ. ಹೈಜಾ ನನ್ನ ದನಿಯನ್ನೂ ಒಣಗಿಸಿತ್ತು. ತುಟಿ ಆಡಿತು, ಅಷ್ಟೇ. ಕೈ ನೋಯುತ್ತಿದೆ ಅನ್ನುತ್ತಿದ್ದೇನೆಂದು ತಿಳಿದು ಅತ್ತೆ ನನ್ನ ಕೈಯನ್ನೇ ಮಡಚಿ ಎದೆಯ ಮೇಲಿಟ್ಟು ಸವರಿದಳು. ಸೂಜಿ ಸರಿಯಿತು. ಮೊಣಕೈ ಬೋರೆಹಣ್ಣಿನಂತೆ ಊದಿತು. ಖಾಸಿಂಸಾಬರು ಓಡಿ ಬಂದು ಸೂಜಿ ಕಿತ್ತು, ಇನ್ನೊಂದನ್ನು ಕುದಿಸಿ ತಂದು, ಬಾವಿನ ಕೆಳಗೆ ಮತ್ತೆ ಚುಚ್ಚಿ, ಕೈಯನ್ನು ಮೊದಲಿನಂತೆ ಹಲಗೆಗೆ ಕಟ್ಟಿದರು.

"ಮುದುಕಿ, ನೀ ಇವನ್ನ ಪ್ರೀತಿಲೇ ಕೊಲ್ತಿ ನೋಡು" ಅಂದು ಹೋದರು.

ಅತ್ತೆಗೆ ನಾಟಲಿಲ್ಲ. ಮಡಿಲಿಂದ ಪುಟ್ಟ ತಾಮ್ರದ ಗಿಂಡಿ ತೆಗೆದಳು. ಮನೆಗೆ ಜಂಗಮರಾದ ಅಯ್ಯನವರನ್ನು ಕರೆಸಿ, ಅವರ ಪಾದ ತೊಳೆದು ತಂದ ಪಾದೋದಕ. ನೀರು ಮಸ್ಕಿಯ ನಮ್ಮ ಓಣಿಯ ಬಾವಿಯದು. ಜಡ್ಡು ಬೀಳುವ ಮುಂಚೆ ನಾನು ಕುಡಿದದ್ದೂ ಅದೇ ಬಾವಿಯ ನೀರು.

"ಬಾಯಿಗೆ ಹಾಕಿದ್ದು ನಿಲ್ಲವಲ್ದು ಅಂತೀರಿ. ಹಂಗಾದ್ರ ಇದರಾಗ ಹಾಕ್ತೀನಿ. ಅದೂ ನೀರು, ಇದೂ ನೀರು."

ಮಾತಿನಲ್ಲಿ ತಪ್ಪು ಹುಡುಕಲಾಗದು. ಅದೇ ನನ್ನ ಸಂಕಟ. ಸ್ಟೂಲ್ ಎಳೆದು, ಅರವತ್ತು ದಾಟಿದ ಮುದುಕಿ ಅದರ ಮೇಲೆ ಹತ್ತಿ ನಿಂತು ಮುಸುಕಿಗೆ ಕೈ ಹಾಕಿದಳು. ಕೈ ಕಟ್ಟಿಸಿಕೊಂಡು, ದನಿ ಕಳೆದುಕೊಂಡು, ನಾನು ನನ್ನ ಸಾವು ಸ್ಟೂಲ್ ಹತ್ತಿದ್ದನ್ನು ನೋಡುತ್ತ ಮಲಗಿದ್ದೆ.

"ಎವ್ವಾ, ಕೆಳಗ ಇಳೀರಿ."

ನೀಲಮ್ಮನ ದನಿ. ಅಷ್ಟು ಗಟ್ಟಿಯಾಗಿ ಅದನ್ನು ನಾನೂ ಕೇಳಿರಲಿಲ್ಲ.

"ಏನಂದಿ?"

"ಇಳೀರಿ ಅಂದೆ. ಕೊಡ್ರಿ ಇಲ್ಲಿ."

"ನಿನಗ್ಯಾಕ? ಜಡ್ಡಾಗಿದ್ದು ಅವನಿಗೆ."

"ನಾ ಅವರ ಅರ್ಧ ಮೈ ಅಲ್ಲೇನ್ರಿ? ನಾ ತಗೊಂಡ್ರ ಅವರಿಗೆ ಮುಟ್ಟಂಗಿಲ್ಲೇನು?"

ಅತ್ತೆ ಸ್ಟೂಲ್ ಮೇಲೆಯೇ ಯೋಚಿಸಿದಳು. ಶಾಸ್ತ್ರ ಅವಳ ಕಡೆಯದು, ಈಗ ಅದೇ ಕೈಕೊಟ್ಟಿತ್ತು. ಗಿಂಡಿ ಕೆಳಗೆ ಬಂತು. ಪಾದೋದಕ ನೆಲಕ್ಕೆ ಚೆಲ್ಲುವಂತಿಲ್ಲ, ಹಾಗೇ ಇಡುವಂತೆಯೂ ಇಲ್ಲ.

ನೀಲಮ್ಮ ಅಷ್ಟನ್ನೂ ಕುಡಿದುಬಿಟ್ಟಳು.

ಬಾಟಲಿ ಉಳಿಯಿತು, ನಾನು ಉಳಿದೆ. ಆದರೆ ಮುಂದಿನ ಮೂರು ದಿನ ನಾನು ಪಟ್ಟ ಪಾಡು ಹೈಜಾದಲ್ಲೂ ಪಟ್ಟಿರಲಿಲ್ಲ. ನೀಲಮ್ಮ ಎದ್ದರೆ ಎದೆ ಧಸಕ್. ಅಂಗಳದ ಕಡೆ ನಡೆದರೆ ಎಷ್ಟನೆಯ ಸಲವೆಂದು ನೆನಪು ಮಾಡಿಕೊಳ್ಳುವುದು. ಅವಳೋ ನಳಿಕೆ ನೋಡುತ್ತ, ಜೋಳದ ರೊಟ್ಟಿ ತಿನ್ನುತ್ತ ಕೂತಿದ್ದಳು. ಖಾಸಿಂಸಾಬರು ವಿಷಯ ತಿಳಿದು ತಲೆ ಚಚ್ಚಿಕೊಂಡರು. ಆಮೇಲೆ ತಾವೇ ಹೊತ್ತಿಗೊಮ್ಮೆ ಬಂದು ಅವಳ ನಾಲಿಗೆ ನೋಡಿ ಹೋದರು.

ಏನೂ ಆಗಲಿಲ್ಲ. ಯಾಕೆ ಆಗಲಿಲ್ಲ ಅನ್ನುವುದು ನನಗೆ ಗೊತ್ತಿಲ್ಲ. ಡಾಕ್ಟರ್ ಸಾಹೇಬರೂ ನಸೀಬು ಅಂದರು.

ದನಿ ಮರಳಿದ ದಿನ ನಾನು ನೀಲಮ್ಮನನ್ನು ಕೇಳಿದ ಮೊದಲ ಮಾತು ಇದು: "ಆ ಪಾದೋದಕ ಕಣ್ಣಿಗಿಷ್ಟು ಹಚ್ಕೊಂಡು, ಉಳಿದಿದ್ದು ನನ್ನ ತಲಿಗೆ ಸಿಂಪಡಿಸಿದ್ರ ಆಗ್ತಿದ್ದಿಲ್ಲೇನು?"



"ಆಗ ಹೊಳೀಲಿಲ್ರಿ" ಅಂದಳು ನೀಲಮ್ಮ.

ಮನೆಗೆ ಬಂದು ತಿಂಗಳಾಯಿತು. ಬಟ್ಟೆ ಅಳೆಯಲು ಬಲಗೈ ಚಾಚಿದರೆ ಮೊಣಕೈಯ ಗಂಟು ಇನ್ನೂ ಚುರುಕ್ ಅನ್ನುತ್ತದೆ. ಅತ್ತೆ ಓಣಿಯ ತುಂಬ ಹೇಳಿಕೊಂಡು ಬಂದಿದ್ದಾಳೆ: ಅರ್ಧ ಮೈ ಪಾದೋದಕ ಕುಡಿಯಿತು, ಇನ್ನರ್ಧ ಎದ್ದು ಕೂತಿತು. ಸಲೈನಿನ ಹೆಸರನ್ನೂ ಎತ್ತುವುದಿಲ್ಲ. ವಾದಿಸಿ ಸೋತಿದ್ದೇನೆ.

ನಿನ್ನೆ ಅಯ್ಯನವರು ಬಂದಿದ್ದರು. ಅತ್ತೆ ಗಿಂಡಿ ಹಿಡಿದು ಬಾವಿಯ ಕಡೆ ಹೋಗದೆ ನೇರ ಒಲೆಯ ಹತ್ತಿರ ಹೋದಳು. ನೀಲಮ್ಮ ಕುದಿಸಿ ಆರಿಸಿಟ್ಟ ನೀರು ತುಂಬಿಕೊಂಡಳು.

"ಕಾಸಿದ ನೀರಂತ. ಅಯ್ಯನವರಿಗೇನು ಥಂಡಿ ಆಗೈತೇನು?" ಎಂದು ಗೊಣಗಿದಳು.

ಗೊಣಗುತ್ತಲೇ ಅವರ ಪಾದ ತೊಳೆದಳು. ಮೊದಲ ಗುಟುಕಿಗೆ ನೀಲಮ್ಮನನ್ನು ಕರೆದಳು.