ಎಪ್ಪತ್ನಾಲ್ಕು ನಗುವ ಮುಖಗಳು

ಮೇ ೧೧, ಭಾನುವಾರ. ಬೆಳಿಗ್ಗೆ ಆರು ಗಂಟೆ ಹತ್ತು ನಿಮಿಷಕ್ಕೆ ಈ ಪತ್ರಿಕೆಗೆ ಬರೆಯಲು ಕೂತಿದ್ದೇನೆ.

ಅತ್ತವರನ್ನು ನಾನು ನಕ್ಕವರೆಂದು ಬರೆದೆ. ತಿಳಿಯದೆ ಬರೆದದ್ದು ಒಂದು ದಿನ ಮಾತ್ರ. ಆಮೇಲೆ ತಿಳಿಯಿತು — ತಿಳಿದ ಮೇಲೂ ನನ್ನ ಲೆಕ್ಕವೇ ಸರಿ ಅಂದೆ. ಆ ಒಂದು ಮಾತಿನ ಮೇಲೆ ಕಂಪ್ಲಿಯ ಹುಲಿಗೆಮ್ಮ ಎಂಬ ನಟಿಯ ಧ್ವನಿಯನ್ನು ಒಂದು ಧಾರಾವಾಹಿಯಿಂದ ತೆಗೆದುಹಾಕಿದರು. ತಮ್ಮ ಕಡೆಯ ಜನವೇ ತಮ್ಮ ಮಾತು ಕೇಳಿ ನಕ್ಕಿತು ಎಂದು ಅವರು ಇವತ್ತಿಗೂ ನಂಬಿದ್ದಾರೆ. ಹಾಗಾಗಲಿಲ್ಲವೆಂದು ಬಲ್ಲವಳು ನಾನು. ಎರಡು ವರ್ಷಕ್ಕೆ ಇಪ್ಪತ್ತೇಳು ದಿನ ಕಡಿಮೆ, ಅಷ್ಟು ಕಾಲ ಬಾಯಿ ಮುಚ್ಚಿಕೊಂಡಿದ್ದೇನೆ.

ನನ್ನ ಹೆಸರು ಸವಿತಾ. ಹೊಸಪೇಟೆಯಲ್ಲಿ ಅಜ್ಜಿಯ ಜೊತೆ ಇದ್ದೇನೆ. ಮರಿಯಮ್ಮನಹಳ್ಳಿ ರಸ್ತೆಯಲ್ಲಿ ಅದಿರಿನ ಲಾರಿ ತೂಗುವ ವೇಬ್ರಿಡ್ಜ್‌ನಲ್ಲಿ ಕೆಲಸ. ಗಾಡಿ ನಂಬರು, ಖಾಲಿ ತೂಕ, ತುಂಬಿದ ತೂಕ, ಗಂಟೆ, ನಿಮಿಷ — ಬರೆದುಕೊಳ್ಳದೆ ನನಗೆ ದಿನ ಮುಗಿಯುವುದಿಲ್ಲ. ಮನೆಯಲ್ಲೂ ಹಾಗೆಯೇ. ಕರೆಂಟು ಎಷ್ಟು ಸಲ ಹೋಯಿತು, ಅಜ್ಜಿ ಮಾತ್ರೆ ಎಷ್ಟಕ್ಕೆ ನುಂಗಿದಳು, ಎಲ್ಲ ಡೈರಿಯಲ್ಲಿದೆ.

‘ನೀರಡಿಯ ಊರು’ ಧಾರಾವಾಹಿಯ ಮೊದಲ ಸೀಸನ್ ಬಂದಾಗ ನಮ್ಮ ಭಾಗದಲ್ಲಿ ಹುಚ್ಚು ಹತ್ತಿತ್ತು. ಅಣೆಕಟ್ಟೆಯ ನೀರಿನಲ್ಲಿ ಮುಳುಗಿದ ಒಂದು ಊರು. ಬೇಸಿಗೆಯಲ್ಲಿ ನೀರು ಇಳಿದಾಗ ಅಲ್ಲಿಂದ ಎದ್ದು ಬರುವ ಒಬ್ಬ ಹೆಂಗಸು. ಇಡೀ ಸೀಸನ್ ಅವಳು ಬಾಯಿ ಬಿಡಲಿಲ್ಲ. ಎರಡನೆಯದರಲ್ಲಿ ಮಾತಾಡುತ್ತಾಳೆ ಎಂದು ಮೊದಲೇ ಹೇಳಿದ್ದರು. ಹೊಸಪೇಟೆ, ಕಂಪ್ಲಿ, ಸಂಡೂರು, ದರೋಜಿ, ಚೋರನೂರಿನ ಅಭಿಮಾನಿಗಳೆಲ್ಲ ಸೇರಿದ್ದ ವಾಟ್ಸಾಪ್ ಬಳಗವನ್ನು ನಡೆಸುತ್ತಿದ್ದವಳು ನಾನು. ಅದರಲ್ಲಿ ಕಾಲೇಜಿನ ಹುಡುಗರಿಗಿಂತ ವಯಸ್ಸಾದವರೇ ಹೆಚ್ಚು. ಅವರಲ್ಲಿ ಅನೇಕರ ಊರು ನಿಜವಾಗಿಯೂ ನೀರಿನಡಿ ಹೋಗಿದೆ. ನನ್ನ ಅಜ್ಜಿ ಈರಮ್ಮನದೂ.

ಜೂನ್ ೫, ಸೋಮವಾರ, ಸಂಜೆ ಏಳು. ಎರಡನೇ ಸೀಸನ್‌ನ ಮೊದಲ ಕಂತು. ಇಪ್ಪತ್ತೊಂದನೇ ನಿಮಿಷಕ್ಕೆ ಆ ಹೆಂಗಸು ಹೊಸದಾಗಿ ಕಟ್ಟಿದ ಮನೆಯೊಂದರ ಬಾಗಿಲಿಗೆ ಬರುತ್ತಾಳೆ. ಒದ್ದೆ ಸೀರೆ. ಒಳಗಿನವರು ನಡುಗುತ್ತಿದ್ದಾರೆ. ಅವಳು ಚೀರುವುದಿಲ್ಲ, ಕಣ್ಣು ಕೆಂಪು ಮಾಡುವುದಿಲ್ಲ. ತಪ್ಪು ಮನೆಗೆ ಬಂದ ನೆಂಟರ ಹಾಗೆ, ಸಂಕೋಚದಿಂದ ಕೇಳುತ್ತಾಳೆ —

“ಇಲ್ಲೇ ನಮ್ಮನಿ ಇತ್ತು. ಎಲ್ಲೈತ್ರಿ?”

ಅಷ್ಟೇ ಮಾತು. ಹೇಳಿದವರು ಹುಲಿಗೆಮ್ಮ. ಕಂಪ್ಲಿಯ ರೈಸ್ ಮಿಲ್ಲಿನಲ್ಲಿ ಕೆಲಸ ಮಾಡುತ್ತ, ಸುತ್ತಲ ಹಳ್ಳಿಗಳ ನಾಟಕಗಳಲ್ಲಿ ಇಪ್ಪತ್ತು ವರ್ಷ ಪಾತ್ರ ಮಾಡಿದವರು. ಟೀವಿಗೆ ಅದೇ ಮೊದಲು. ‘ಐತ್ರಿ’ ಅನ್ನುವುದನ್ನು ಯಾರೂ ಅವರಿಗೆ ಕಲಿಸಬೇಕಿರಲಿಲ್ಲ.

ಇಂಟರ್ನೆಟ್ಟಿನಲ್ಲಿ ಬೆಂಗಳೂರಿನ ಕಡೆಯವರು ಹತ್ತು ನಿಮಿಷದಲ್ಲಿ ತಮಾಷೆ ಶುರು ಮಾಡಿದರು. ‘ದೆವ್ವಕ್ಕೂ ಎಷ್ಟು ಮರ್ಯಾದೆ ನೋಡ್ರಪ್ಪಾ’, ‘ರೀ ಅನ್ನೋ ದೆವ್ವ ಬೇಕು, ವಿಳಾಸ ಕೊಡಿ’ — ಹೀಗೆ. ನಮ್ಮ ಬಳಗದಲ್ಲೂ ಒಬ್ಬರು ತಮಾಷೆಯಾಗಿ ಬರೆದದ್ದು ನಿಜ. ದರೋಜಿಯಲ್ಲಿ ಟಂಟಂ ಗಾಡಿ ಓಡಿಸುವ ತಿಪ್ಪೇಸ್ವಾಮಿಯಣ್ಣ ನಗುವ ಮುಖ ಒತ್ತಿ, ಬರೆದ: “ದೆವ್ವ ಆದ್ರೇನಾತು, ನಮ್ಮ ಕಡೀದು. ಬರ್ರಿ, ಕುಂದ್ರಿ ಅನ್ರಿ ಒಳಗಿನ ಮಂದಿಗೆ.” ಉಳಿದವರು ಹೆಚ್ಚು ಬರೆಯಲಿಲ್ಲ. ಒಂದೊಂದು ಮುಖದ ಚಿತ್ರ ಒತ್ತಿ ಸುಮ್ಮನಾದರು.

ನಾನು ಎಣಿಸಿದೆ. ಸೋಮವಾರ ಸಂಜೆಯಿಂದ ಮಂಗಳವಾರ ಬೆಳಿಗ್ಗೆವರೆಗೆ ಬಂದದ್ದು ನೂರ ಮೂವತ್ತೊಂದು. ಹೆದರಿದ ಮುಖ ಮೂವತ್ತೊಂದು. ಕೈ ಮುಗಿದದ್ದು ಹದಿನೇಳು. ಅಳುವ ಮುಖ ಒಂಬತ್ತು. ಬಾಯಿ ಅಗಲಿಸಿ, ಎರಡೂ ಕಣ್ಣಿನ ಪಕ್ಕ ನೀರಿನ ಹನಿ ಇರುವ ಹಳದಿ ಮುಖ — ನಕ್ಕು ನಕ್ಕು ಕಣ್ಣೀರು ಬಂತು ಎನ್ನಲು ನಾವು ಹುಡುಗ ಹುಡುಗಿಯರು ಒತ್ತುವ ಮುಖ — ಎಪ್ಪತ್ನಾಲ್ಕು. ‘ನಕ್ಕವರು: ೭೪’ ಎಂದು ಅಂದವಾಗಿ ಪಟ್ಟಿ ಮಾಡಿ ಬಳಗಕ್ಕೆ ಹಾಕಿದೆ. ಧಾರಾವಾಹಿಯ ತಂಡದವರ ಪುಟದಲ್ಲಿ ಅದನ್ನು ಹಂಚಿಕೊಂಡರು. ‘ಹೊಸಪೇಟೆ ಬಳಗದ ಶಿಸ್ತು ನೋಡಿ ಕಲಿಯಿರಿ’ ಎಂದು ಮೇಲೆ ಬರೆದಿದ್ದರು. ಅವತ್ತು ಆ ಸಾಲನ್ನು ಎಷ್ಟು ಸಲ ತೆಗೆದು ನೋಡಿದೆನೋ — ಅದೊಂದನ್ನು ಎಣಿಸಲಿಲ್ಲ.

ಬುಧವಾರ ಬೆಳಿಗ್ಗೆ ಅಜ್ಜಿ ಉಪ್ಪಿಟ್ಟಿನ ತಟ್ಟೆ ಮುಂದಿಟ್ಟುಕೊಂಡು ತನ್ನ ಫೋನನ್ನು ನನ್ನ ಕಡೆ ಚಾಚಿದಳು.

“ನಾ ಹಾಕಿದ್ದು ಹೋಗೇತೇನು ನೋಡವ್ವ. ಆ ಹೆಣ್ಮಗಳಿಗೆ ಮುಟ್ಟಬೇಕದು.”

ನೋಡಿದೆ. ಎಪ್ಪತ್ನಾಲ್ಕರಲ್ಲಿ ಒಂದು.

“ಅಜ್ಜಿ, ನೀ ನಕ್ಕೇನು?”

“ನಗೂದ್ಯಾಕ? ಅತ್ತೀನಿ. ಕಾಣಂಗಿಲ್ಲೇನು, ಎರಡೂ ಕಣ್ಣಾಗ ನೀರು. ಬಾಯಿ ತೆಗದು ಅತ್ತೀನಿ.”

“ಅದು ನಗೂ ಮುಖ.”

“ಯಾರಿಗೆ ಹೇಳ್ತೀಯವ್ವ. ನಕ್ಕರ ಹಂಗ ಕಣ್ಣಾಗ ನೀರು ಸುರೀತಾವೇನು?” ಅಜ್ಜಿ ಉಪ್ಪಿಟ್ಟಿನಿಂದ ಮೆಣಸಿನಕಾಯಿ ಆರಿಸಿ ಬದಿಗಿಟ್ಟಳು. “ಮೂಲಿಮನಿ ಬಸಮ್ಮನೂ ಇದನ್ನ ಹಾಕ್ಯಾಳ. ಆಕೀಗೂ ನಾನಾ ತೋರಿಸಿಕೊಟ್ಟೆ. ಆಕಿದೂ ಮುಳುಗಿದ ಊರು. ಆಕಿ ನಗ್ತಾಳೇನು?”

ಅಜ್ಜಿಗೆ ಆಗ ಏಳು ವರ್ಷವಂತೆ, ಮನೆ ಬಿಟ್ಟು ಬರುವಾಗ. ಅವಳ ತಾಯಿ ಬಾಗಿಲಿಗೆ ನೀರು ಚಿಮುಕಿಸಿ, ರಂಗೋಲಿ ಹಾಕಿ, ಆಮೇಲೆ ಬಂಡಿ ಹತ್ತಿದಳಂತೆ. ಇದನ್ನು ನಾನು ಬಹಳ ಸಲ ಕೇಳಿದ್ದೇನೆ. ಕೇಳಿಯೂ — ಆ ಬೆಳಿಗ್ಗೆ ನನಗೆ ಮೊದಲು ನೆನಪಾದದ್ದು ನನ್ನ ಪಟ್ಟಿ.

ತಪ್ಪಾಗಿದೆ ಎಂದು ಗೊತ್ತಾದ ಗಂಟೆ ಡೈರಿಯಲ್ಲಿದೆ: ಏಳು ಐವತ್ತು. ಒಂದಲ್ಲ, ಎರಡಲ್ಲ, ಆ ಪಟ್ಟಿಯಲ್ಲಿ ಅಜ್ಜಿಯ ವಯಸ್ಸಿನವರು ಎಷ್ಟು ಮಂದಿ ಎಂದು ಹೆಸರು ನೋಡಿದರೇ ತಿಳಿಯುತ್ತಿತ್ತು. ವೇಬ್ರಿಡ್ಜ್‌ನಲ್ಲಿ ಮೊದಲ ದಿನ ಕಲಿಸಿದ ಪಾಠ ಒಂದೇ — ಅನುಮಾನ ಬಂದರೆ ಲಾರಿಯನ್ನು ಕೆಳಗಿಳಿಸಿ ಮತ್ತೆ ಹತ್ತಿಸು. ಅದಿರಿಗೆ ಅಷ್ಟು ನಿಯತ್ತು ತೋರಿಸುವ ನಾನು, ಮನುಷ್ಯರ ವಿಷಯಕ್ಕೆ... ಇರಲಿ. ಸಂಜೆ ಸರಿಪಡಿಸೋಣ ಅಂದುಕೊಂಡೆ. ಎಲ್ಲರೂ ಮೆಚ್ಚಿದ ಪಟ್ಟಿಯ ಕೆಳಗೆ ‘ತಪ್ಪಾಗಿದೆ’ ಎಂದು ನಾನೇ ಹೇಗೆ ಬರೆಯಲಿ ಎಂಬ ಯೋಚನೆಯಲ್ಲೇ ಕೆಲಸಕ್ಕೆ ಹೋದೆ.

ಸಂಜೆಗೆ ಮುಂಚೆಯೇ ಫೋನು ಬಂತು. ನಾಲ್ಕು ಗಂಟೆ ಐದು ನಿಮಿಷ. ತಂಡದ ಒಬ್ಬರು, ಬೆಂಗಳೂರಿನಿಂದ. ಹೊರಗೆ ಲಾರಿ ಹಾರ್ನ್ ಹೊಡೆಯುತ್ತಿತ್ತು, ಒಂದು ಕಿವಿ ಮುಚ್ಚಿಕೊಂಡು ಕೇಳಿಸಿಕೊಂಡೆ. ಧ್ವನಿ ಬದಲಿಸಬೇಕೆಂದು ಇಲ್ಲಿ ಒತ್ತಾಯವಿದೆ, ನಿರ್ದೇಶಕರು ಒಪ್ಪುತ್ತಿಲ್ಲ, ಆ ಭಾಗದ ಜನರ ಅಭಿಪ್ರಾಯ ಕೇಳಿ ಆಮೇಲೆ ಹೇಳಿ ಅಂದಿದ್ದಾರೆ — ಇಷ್ಟು ಹೇಳಿ ಅವರು ನಿಧಾನವಾಗಿ ಕೇಳಿದರು.

“ನಿಮ್ಮ ಕಡೆಯವರೇ ನಕ್ಕಿದ್ದಾರೆ ಅಂತೀರಾ? ಖಾತ್ರಿನಾ ಮೇಡಂ?”

ಯಾರೂ ನನ್ನನ್ನು ಮೇಡಂ ಅಂದವರಲ್ಲ. ಆ ಕ್ಷಣದಲ್ಲಿ ನನಗೆ ಗೊತ್ತಿತ್ತು. ಅಜ್ಜಿಯ ತಟ್ಟೆ, ಬದಿಗಿಟ್ಟ ಮೆಣಸಿನಕಾಯಿ, ‘ಆ ಹೆಣ್ಮಗಳಿಗೆ ಮುಟ್ಟಬೇಕು’ — ಎಲ್ಲವೂ ಕಣ್ಣ ಮುಂದಿತ್ತು. ನಾನು ಹೇಳಿದೆ:

“ಖಾತ್ರಿ ಸರ್. ನನ್ನ ಹತ್ತಿರ ಲೆಕ್ಕ ಇದೆ.”

‘ಐತ್ರಿ’ ಅನ್ನಲಿಲ್ಲ ನಾನು, ‘ಇದೆ’ ಅಂದೆ. ಮನೆಯಲ್ಲಿ, ಬಸ್ಸಿನಲ್ಲಿ, ಕೆಲಸದಲ್ಲಿ ಹುಟ್ಟಿದಂದಿನಿಂದ ‘ಐತಿ’ ಅನ್ನುವವಳು. ಮೂರು ನಿಮಿಷ ನಲವತ್ತು ಸೆಕೆಂಡಿನ ಮಾತು ಅದು. ‘ಸ್ವಲ್ಪ ತಾಳಿ, ಇನ್ನೊಮ್ಮೆ ಎಣಿಸುತ್ತೇನೆ’ ಅನ್ನಲು ಮೂರು ಸೆಕೆಂಡು ಸಾಕಿತ್ತು.

ಒಂಬತ್ತನೇ ಕಂತಿನಿಂದ ಧ್ವನಿ ಬದಲಾಯಿತು. ಪರದೆಯ ಮೇಲೆ ಹುಲಿಗೆಮ್ಮ ತುಟಿ ಆಡಿಸುತ್ತಿದ್ದರು. ಯಾರೋ ನುಣುಪಾದ ದನಿಯವರು ‘ನಮ್ಮ ಮನೆ ಎಲ್ಲಿದೆ?’ ಅನ್ನುತ್ತಿದ್ದರು. ಅಜ್ಜಿ ಸ್ವಲ್ಪ ಹೊತ್ತು ನೋಡಿ, “ಈಕಿ ಯಾರೋ ಬ್ಯಾರೆ. ರೀ ಅನ್ನಂಗಿಲ್ಲ, ಏನಿಲ್ಲ. ಈಕಿಗೆ ಯಾಕ ಮನಿ ತೋರಿಸಬೇಕು,” ಎಂದು ಎದ್ದು ಅನ್ನಕ್ಕೆ ಅಕ್ಕಿ ತೊಳೆಯಲು ಹೋದಳು. ಮತ್ತೆ ಆ ಧಾರಾವಾಹಿ ನೋಡಲಿಲ್ಲ.

ಹುಲಿಗೆಮ್ಮ ನಮ್ಮ ಬಳಗದಲ್ಲೇ ಇದ್ದರು. ಜುಲೈ ೨ರಂದು ಒಂದು ಧ್ವನಿಸಂದೇಶ ಕಳಿಸಿದರು. ಹನ್ನೊಂದು ಸೆಕೆಂಡು. “ಬೆಂಗ್ಳೂರಿನವ್ರು ನಕ್ಕಿದ್ದಕ್ಕ ನಾ ಏನೂ ಅನ್ಕೊಂಡಿಲ್ರಿ. ನಮ್ಮ ಮಂದೀನ ನಕ್ಕಾರಂತ. ಎಪ್ಪತ್ನಾಕು ಮಂದಿ. ನಗ್ಲಿ ಬಿಡ್ರಿ, ಭಾಳ ಚಲೋ ಆತು.” ಆಮೇಲೆ ಬಳಗ ಬಿಟ್ಟರು. ಆ ಸಂಖ್ಯೆ ಅವರ ಬಾಯಲ್ಲಿ — ನನ್ನ ಸಂಖ್ಯೆ. ‘ಹಾಗಲ್ಲಕ್ಕ’ ಎಂದು ಬರೆದು, ಅಳಿಸಿ, ಮತ್ತೆ ಬರೆದು, ಅಳಿಸಿದೆ. ನಾಲ್ಕು ಸಲ. ಕಳಿಸಲಿಲ್ಲ.

ಅವರು ನಾಟಕವನ್ನೂ ಬಿಟ್ಟರೆಂದು ಕಳೆದ ಫೆಬ್ರುವರಿಯಲ್ಲಿ ತಿಳಿಯಿತು. ಕಂಪ್ಲಿಯವರೇ ಕರೆದರೆ, ‘ನನ್ನ ದನಿ ಕೇಳಿ ನಗ್ತಾರ, ಬ್ಯಾಡ’ ಅಂದರಂತೆ. ನಾನು ಎಳೆದ ಒಂದು ಗೆರೆ ಅಷ್ಟು ದೂರ ಹೋಗಿದೆ ಎಂದು ಗೊತ್ತಾದ ಮೇಲೆ ಸುಮ್ಮನಿರಲು ಆಗಲಿಲ್ಲ. ಮಾರ್ಚ್ ೧ರಿಂದ ಮರುಎಣಿಕೆ ಶುರು ಮಾಡಿದ್ದೇನೆ. ಎಪ್ಪತ್ನಾಲ್ಕು ಹೆಸರು, ಹೊಸ ನೋಟ್‌ಬುಕ್ಕು. ಒಬ್ಬೊಬ್ಬರಿಗೂ ಫೋನು, ಆಗದಿದ್ದರೆ ಬಸ್ಸು ಹಿಡಿದು ಮನೆಗೆ. ಕೇಳುವ ಪ್ರಶ್ನೆ ಒಂದೇ: ಅವತ್ತು ನಕ್ಕಿರೋ, ಅತ್ತಿರೋ?

ಇದುವರೆಗೆ ಉತ್ತರ ಕೊಟ್ಟವರು ನಲವತ್ತೊಂದು. ಅತ್ತವರು ಇಪ್ಪತ್ತೊಂಬತ್ತು. ನಕ್ಕವರು ಎಂಟು. ನೆನಪಿಲ್ಲ ಅಂದವರು ನಾಲ್ವರು. ತಿಪ್ಪೇಸ್ವಾಮಿಯಣ್ಣ ನಕ್ಕವರ ಸಾಲಿನಲ್ಲೇ ಇದ್ದಾನೆ. “ನಕ್ಕೀನಿ, ಸುಳ್ಳ್ಯಾಕ ಹೇಳ್ಲಿ. ಆದ್ರ ಆಕಿನ್ನ ತೆಗೀರಿ ಅಂತ ನಕ್ಕಿಲ್ಲವ್ವ. ನಮ್ಮನಿಯಾಕಿನಾ ಬಂದು ನಿಂತಂಗಿತ್ತು, ಅದಕ್ಕ ನಕ್ಕೆ,” ಅಂದ. ನಗುವಿನಲ್ಲೂ ಬೇರೆ ಬೇರೆ ಇರುತ್ತದೆ ಎಂದು ನನ್ನ ಪಟ್ಟಿಗೆ ಗೊತ್ತಿರಲಿಲ್ಲ. ಸಂಡೂರಿನ ಒಂದು ಮನೆಯಲ್ಲಿ ಒಂದೇ ಫೋನಿನ ಮುಂದೆ ಗಂಡ ನಕ್ಕಿದ್ದ, ಹೆಂಡತಿ ಅತ್ತಿದ್ದಳು; ಮುಖ ಒತ್ತಿದ್ದು ಯಾರೆಂದು ನನ್ನ ಎದುರೇ ಜಗಳವಾಯಿತು. ಆಕೆ ಹೇಳಿದ್ದನ್ನು ಬರೆದುಕೊಂಡೆ, ಪಕ್ಕದಲ್ಲಿ ಆತನದನ್ನೂ. ಮೂಲಿಮನೆ ಬಸಮ್ಮ ಮತ್ತು ಚೋರನೂರಿನ ಒಬ್ಬ ತಾತ ಈ ನಡುವೆ ತೀರಿಕೊಂಡಿದ್ದಾರೆ. ಬಸಮ್ಮನ ಪರವಾಗಿ ಅಜ್ಜಿ ಹೇಳಬಲ್ಲಳು, ಆದರೂ ನೋಟ್‌ಬುಕ್ಕಿನಲ್ಲಿ ಆ ಇಬ್ಬರ ಹೆಸರಿನ ಮುಂದೆ ಖಾಲಿ ಬಿಟ್ಟಿದ್ದೇನೆ. ಇನ್ನೊಬ್ಬರ ಬದಲು ನಾನು ತುಂಬಿದ್ದು ಸಾಕು. ಹದಿನಾಲ್ಕು ಮಂದಿ ಉತ್ತರ ಕೊಟ್ಟಿಲ್ಲ. ಹದಿನೇಳು ಜನರ ನಂಬರು ಬದಲಾಗಿದೆ.

ಮಾರ್ಚ್ ೩೦ರಂದು ಒಮ್ಮೆ ಕಂಪ್ಲಿಗೆ ಹೋಗಿದ್ದೆ. ಮಿಲ್ಲಿನ ಎದುರಿನ ಅಂಗಡಿಯಲ್ಲಿ ಚಹಾ ಕುಡಿದೆ. ಪಾಳಿ ಬಿಟ್ಟು ಹೊರಬಂದ ಹುಲಿಗೆಮ್ಮ ತಲೆಯ ಮೇಲಿನ ತೌಡಿನ ಧೂಳು ಕೊಡವುತ್ತ ನನ್ನ ಪಕ್ಕವೇ ನಿಂತು, “ಸ್ವಲ್ಪ ಸರೀರಿ,” ಅಂದರು. ಅದೇ ಧ್ವನಿ. ಸರಿದೆ. ಅಷ್ಟೇ ಮಾಡಿದ್ದು. ವಾಪಸ್ ಬಸ್ಸು ಹತ್ತಿದೆ.

ಈ ಸಲ ಹಾಗೆ ಬರುವುದಿಲ್ಲ. ಇವತ್ತು ಒಂಬತ್ತೂವರೆ ಬಸ್ಸು. ಅಜ್ಜಿಗೆ ರಾತ್ರಿಯೇ ಎಲ್ಲ ಹೇಳಿದೆ. ಬೈಯಲಿಲ್ಲ. “ನಾನೂ ಬರ್ತೀನಿ. ನಾ ಅತ್ತಿದ್ದು ನಾನಾ ಹೇಳ್ತೀನಿ. ನಿನ್ನ ಬಾಯಿಲೆ ಬ್ಯಾಡ,” ಅಂದಳು. ಆ ಕೊನೆಯ ಮಾತು ನನಗೆ ಸಲ್ಲಬೇಕಾದದ್ದೇ. ಈಗ ಒಳಗೆ ಸೀರೆ ಉಡುತ್ತಿದ್ದಾಳೆ. ನೋಟ್‌ಬುಕ್ಕು ಚೀಲದಲ್ಲಿದೆ. ಹುಲಿಗೆಮ್ಮ ಕ್ಷಮಿಸಲಿ ಎಂದು ಹೋಗುತ್ತಿಲ್ಲ. ಬಾಗಿಲು ಹಾಕಿಕೊಂಡರೆ ಹೊರಗೆ ನಿಂತಾದರೂ ಇಪ್ಪತ್ತೊಂಬತ್ತು ಹೆಸರು ಓದಿ ಬರುತ್ತೇನೆ. ನಾಳೆ ಬೆಳಿಗ್ಗೆ ಇದೇ ಲೆಕ್ಕ, ಹಳೆಯದರ ಪಕ್ಕ ಹೊಸದು, ನಾನು ಹೇಳಿದ ಸುಳ್ಳಿನ ಸಮೇತ, ಧಾರಾವಾಹಿಯ ತಂಡಕ್ಕೂ ಬಳಗಕ್ಕೂ ಹೋಗುತ್ತದೆ. ಮೂರನೇ ಸೀಸನ್‌ನ ಕೆಲಸ ನಡೆದಿದೆಯಂತೆ. ಅವರು ಏನು ಮಾಡುತ್ತಾರೋ ನನ್ನ ಕೈಯಲ್ಲಿಲ್ಲ.

ನನ್ನ ಕೈಯಲ್ಲಿ ಇರುವುದು ಉಳಿದ ಮೂವತ್ತೊಂದು ಸಾಲು. ಆ ಸೋಮವಾರ ಸಂಜೆ ನಮ್ಮ ಬಳಗದಲ್ಲಿದ್ದು, ಕಣ್ಣೀರಿರುವ ಆ ಹಳದಿ ಮುಖವನ್ನು ಒತ್ತಿದವರು ಇದನ್ನು ಓದುತ್ತಿದ್ದರೆ, ಅಥವಾ ಅಂಥವರ ಈಗಿನ ನಂಬರು ನಿಮಗೆ ಗೊತ್ತಿದ್ದರೆ, ಈ ಪತ್ರಿಕೆಯ ವಿಳಾಸಕ್ಕೆ ಒಂದು ಸಾಲು ಬರೆಯಿರಿ. ಹೆಸರು, ಊರು, ಮತ್ತು ಒಂದು ಪದ: ಅತ್ತೆ, ಅಥವಾ ನಕ್ಕೆ. ನಕ್ಕಿದ್ದರೂ ಬರೆಯಿರಿ. ಈ ಸಲ ನೀವು ಹೇಳಿದ್ದನ್ನೇ ಬರೆದುಕೊಳ್ಳುತ್ತೇನ್ರಿ.